ಹದಿನಾಲ್ಕರ ಸೀಸನ್ನಿಗೆ ಬಿದ್ದ ಸೀಲು

"ಅಸಲಿ ವಸ್ತುಗಳನ್ನು ಮಾತ್ರ ತನ್ನಿ" ಎಂದು ಸಂಘದವರು ವಾಟ್ಸಾಪಿನಲ್ಲಿ ಒಂದು ಸಾಲು ಹಾಕದೇ ಇದ್ದಿದ್ದರೆ ಧರ್ಮಪಾಲನ ಆ ಶುಕ್ರವಾರ ಸುಖವಾಗಿ ಕಳೆದುಹೋಗುತ್ತಿತ್ತು.

ಗಲ್ಫಿನ ಅಲ್ ಮುರಕ್ಕಬಾತ್ ಬಡಾವಣೆಯ ಹಳೇ ಕಟ್ಟಡದಲ್ಲಿ ಹೆಂಡತಿ ಪ್ರಫುಲ್ಲಾ, ಮಗಳು ಅಶ್ಮಿತಾ ಜೊತೆ ವಾಸವಾಗಿದ್ದ ಈ ಮನುಷ್ಯನಿಗೆ ಹೆಮ್ಮೆ ಪಡಲಿಕ್ಕೆ ಅಂತ ಇದ್ದದ್ದು ಒಂದೇ. ಎರಡು ಸಾವಿರದ ಹದಿನಾಲ್ಕರ ಕ್ರಿಕೆಟ್ ಕಾರ್ಡುಗಳ ಪೂರ್ತಿ ಸೆಟ್ಟು. ಆ ವರ್ಷ ಊರಲ್ಲಿ ಚುನಾವಣೆ ಅಂತ ಲೀಗಿನ ಮೊದಲ ಮ್ಯಾಚುಗಳು ಇಲ್ಲಿಗೇ ಬಂದಿದ್ದವು. ಚಿಪ್ಸ್ ಪ್ಯಾಕೆಟಿಗೆ ಒಬ್ಬೊಬ್ಬ ಆಟಗಾರನ ಕಾರ್ಡು. ಆ ಸೀಸನ್ ಮುಗಿಯುವವರೆಗೆ ಮನೆಯವರೆಲ್ಲ ಗಂಜಿಗೂ ಚಿಪ್ಸೇ ನಂಜಿಕೊಂಡರು. ಎಲ್ಲ ಕಾರ್ಡೂ ಸಿಕ್ಕಿದ ದಿನ ಧರ್ಮಪಾಲ ಊರಿಗೆ ಫೋನು ಮಾಡಿ ತಾಯಿಗೆ ಹೇಳಿದ್ದ. ಅವರು, "ಪ್ರಮೋಷನ್ನಾ?" ಅಂತ ಕೇಳಿದ್ದರು.

ಎರಡು ವರ್ಷದ ಮೇಲೆ ಈಗ ಇಲ್ಲಿನ ಕನ್ನಡ ಸಂಘದ ಹವ್ಯಾಸ ಪ್ರದರ್ಶನ. ಧರ್ಮಪಾಲ ಆಫೀಸಿನಲ್ಲಿ, ಬಸ್ಸಿನಲ್ಲಿ, ಮೀನಿನ ಅಂಗಡಿಯಲ್ಲಿ ಸಹ ಸುದ್ದಿ ಹಬ್ಬಿಸಿದ್ದ. ಬಹುಮಾನ ಬಂದರೆ ಎಲ್ಲರೆದುರು ತನ್ನ ಹೆಸರು ಕರೆಯುತ್ತಾರೆ, ಅಷ್ಟೇ ಅವನ ಆಸೆ.

ಬೆಳಿಗ್ಗೆ ಚಾ ಕುಡಿಯಲಿಕ್ಕೆ ಬಂದ ಪಕ್ಕದ ಫ್ಲ್ಯಾಟಿನ ಪಾಯ್ಸ್ ಆ ಮೆಸೇಜು ಓದಿ ಹುಬ್ಬು ಗಂಟಿಕ್ಕಿದರು. ಪಾಯ್ಸ್ ಒಂದು ಕಂಪೆನಿಯ ಪಿಆರ್‌ಒ. ವೀಸಾ, ಲೇಬರ್ ಕಾರ್ಡು ಅಂತ ದಿನವಿಡೀ ಸರಕಾರಿ ಕೌಂಟರು ಅಲೆಯುವ ಕೆಲಸ. ಸೀಲಿಲ್ಲದ ಯಾವುದನ್ನೂ ಅವರು ನಂಬುವುದಿಲ್ಲ. ಮನೆಯ ಗೋಡೆಯಲ್ಲಿದ್ದ ಮದುವೆ ಫೋಟೋಕ್ಕೂ ಸೀಲು ಇತ್ತು.

"ಅಸಲಿ ಅಂತ ಹೇಳುವುದು ಯಾರು ಧರ್ಮಣ್ಣ? ಅಟೆಸ್ಟೇಷನ್ ಉಂಟಾ?"

"ಚಿಪ್ಸಿನ ಕಾರ್ಡಿಗೆ ಎಂಥ ಅಟೆಸ್ಟೇಷನ್ ಪಾಯ್ಸರೆ?"

"ಈ ದೇಶದಲ್ಲಿ ಮನುಷ್ಯನನ್ನೇ ಸೀಲು ನೋಡದೆ ಒಳಗೆ ಬಿಡುವುದಿಲ್ಲ ಮಾರಾಯ್ರೆ. ಕಾರ್ಡು ಯಾವ ಲೆಕ್ಕ?"

ಧರ್ಮಪಾಲ ನಕ್ಕು, ಕ್ಷೌರಕ್ಕೆ ಹೋದ. ಅಲ್ಲೇ ಎಡವಿದ. ಅವನು ಮೆಟ್ಟಿಲಿಳಿದದ್ದೇ ಪಾಯ್ಸ್ ಪ್ರಫುಲ್ಲಾಳಿಗೆ, "ಅಕ್ಕಾ, ಆ ಕಾರ್ಡಿನ ಆಲ್ಬಮ್ ಒಮ್ಮೆ ಕೊಡಿ. ನಕಲಿ ಅಂತ ವಾಪಸು ಕಳಿಸಿದರೆ ಮರ್ಯಾದೆ ಹೋಗುವುದು ನಿಮ್ಮದೇ" ಅಂದರು. ಮರ್ಯಾದೆ ಅಂದ ಮೇಲೆ ಪ್ರಫುಲ್ಲಾ ಕೊಡದೆ ಇರುತ್ತಾಳೆಯೇ?

ಕ್ಷೌರ ಮುಗಿಸಿ ಬಂದ ಧರ್ಮಪಾಲನಿಗೆ ಮೇಜಿನ ಮೇಲೆ ಕಂಡದ್ದು ಒಂದೂ ಬಿಡದೆ ನೀಲಿ ಸೀಲು ಬಿದ್ದ ಕಾರ್ಡುಗಳು. ಸೀಲಿನೊಳಗೆ ಪಾಯ್ಸರ ಹೆಸರು, ಮೇಲೆ ಅವರ ಉದ್ದ ಬಾಲದ ಸಹಿ.

"ಮುಖದ ಮೇಲೆಯೇ ಹೊಡೆದಿದ್ದೀರಲ್ಲ!"

"ಅರ್ಧ ಸೀಲು ಫೋಟೋಕ್ಕೆ, ಅರ್ಧ ಕಾಗದಕ್ಕೆ ತಾಗಬೇಕು. ಅದು ರೂಲು" ಎಂದರು ಪಾಯ್ಸ್, ಬೆರಳಿನ ಶಾಯಿ ಒರೆಸಿಕೊಳ್ಳುತ್ತ. "ರಜೆ ದಿನ ಅಂತ ನೋಡಲಿಲ್ಲ, ನಿಮಗೋಸ್ಕರ ಮಾಡಿದ್ದು."

ಕೆಳಗಿನ ಮಹಡಿಯ ಬೀಪಾತುಮ್ಮ ಸುದ್ದಿ ಕೇಳಿ ಉಗುರುಬಣ್ಣ ತೆಗೆಯುವ ದ್ರವದ ಬಾಟ್ಲಿ ಹಿಡಿದು ಓಡಿ ಬಂದರು. "ಇದಕ್ಕೆ ಹೋಗದ ಕಲೆ ಇಲ್ಲ" ಎಂದು ಒಬ್ಬ ವಿಕೆಟ್ ಕೀಪರನ ಮೇಲೆ ತಿಕ್ಕಿಯೂ ಬಿಟ್ಟರು. ವಿಕೆಟ್ ಕೀಪರ್ ಹೋದ. ಸೀಲು ಉಳಿಯಿತು.

"ನಾನು ಹೋಗುವುದಿಲ್ಲ" ಎಂದು ಧರ್ಮಪಾಲ ಸೋಫಾದಲ್ಲಿ ಕುಸಿದ.

"But Pappa, I told my whole class" ಎಂದಳು ಅಶ್ಮಿತಾ.

ಮಗಳ ಮುಖ ನೋಡಿ ಹೊರಟ, ಹಿಂದೆಯೇ ಮನೆಯವರೂ ಪಾಯ್ಸರೂ. ಪ್ರದರ್ಶನದ ಹಾಲ್‌ನಲ್ಲಿ ಅವನ ಮೇಜು ಬಾಗಿಲ ಹತ್ತಿರವೇ, ಎಲ್ಲರ ಕಣ್ಣಿಗೆ ಬೀಳುವಲ್ಲಿ. ಆಲ್ಬಮಿನ ಪುಟಗಳನ್ನು ಬೋರ್ಡಿಗೆ ಸಿಕ್ಕಿಸಿ, ಯಾರೂ ನೋಡದ ಹೊತ್ತಿನಲ್ಲಿ ತನ್ನ ಹೆಸರಿನ ಚೀಟಿ ಕಿತ್ತು ಕಿಸೆಗೆ ಹಾಕಿಕೊಂಡ. ಹೋದ ಮಾನ ಯಾರದ್ದು ಅಂತಲಾದರೂ ಗೊತ್ತಾಗದಿರಲಿ ಎಂದು ಸಮೋಸಾ ಕೌಂಟರಿನ ಹಿಂದೆ ನಿಂತ.

ಆದರೆ ಮೇಜಿನ ಸುತ್ತ ಜನ ಸೇರತೊಡಗಿದರು. ಮೊದಲು ನಕ್ಕರು. ಆಮೇಲೆ ಒಬ್ಬ, "ಇದು ನಮ್ಮದೇ ಕತೆ ಮಾರಾಯ" ಅಂದ. ಇನ್ನೊಬ್ಬ ಸೀಲು ಸರಿಯಿಲ್ಲ ಅಂತ ಎರಡು ಸಲ ವಾಪಸು ಬಂದ ತನ್ನ ಡಿಗ್ರಿ ಸರ್ಟಿಫಿಕೇಟಿನ ಕತೆ ತೆಗೆದ. ಮುಖ ಅಳಿಸಿ ಸೀಲು ಮಾತ್ರ ಉಳಿದ ವಿಕೆಟ್ ಕೀಪರನ ಎದುರು ಒಬ್ಬ ಮುದುಕ ಟೊಪ್ಪಿ ತೆಗೆದು ನಿಂತುಬಿಟ್ಟ. ತೀರ್ಪುಗಾರ ಗೇಬ್ರಿಯಲ್ ಸಾಹೇಬರು ಚಿತ್ರಗಳ ಗ್ಯಾಲರಿ ನಡೆಸುವವರು. ಅವರಂತೂ ಕನ್ನಡಕ ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು.

ಧರ್ಮಪಾಲನ ಎದೆ ನಿಧಾನಕ್ಕೆ ಉಬ್ಬಿತು. ಏನೇ ಆಗಲಿ, ತನ್ನ ಕಾರ್ಡು ತಾನೇ? ಸಮೋಸಾದ ಎಣ್ಣೆ ಕೈ ತೊಳೆದು, ಕಾಲರು ಸರಿಮಾಡಿ, ಸಾಲು ಸಾಲು ಜನರನ್ನು ದಾಟಿ ವೇದಿಕೆಯ ಮೆಟ್ಟಿಲ ಬುಡಕ್ಕೇ ಬಂದು ನಿಂತ. ಎರಡು ಮಾತು ಆಡಲಿಕ್ಕೂ ಮನಸ್ಸಿನಲ್ಲಿ ತಯಾರಿ ಮಾಡಿದ. ಇಷ್ಟು ಹೆಮ್ಮೆ ಅವನಿಗೆ ಮಗಳು ಹುಟ್ಟಿದ ದಿನ ಬಿಟ್ಟರೆ ಎಂದೂ ಆಗಿರಲಿಲ್ಲ.

ಗೇಬ್ರಿಯಲ್ ಮೈಕು ಹಿಡಿದರು. "ಆಟಗಾರನಾದರೂ ಸೀಲಿಲ್ಲದೆ ಇಲ್ಲಿ ಯಾರೂ ಅಲ್ಲ ಅಂತ ತೋರಿಸಿದ್ದಾರೆ. ಮೇಜಿನ ಮೇಲೆ ಹೆಸರು ಇರಲಿಲ್ಲ. ಆದರೆ ಕಲಾವಿದರು ಪ್ರತಿಯೊಂದರ ಮೇಲೂ ಸಹಿ ಮಾಡಿದ್ದಾರೆ. ಮೊದಲ ಬಹುಮಾನ, ಶ್ರೀ ಪಾಯ್ಸ್."

ಧರ್ಮಪಾಲನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಪಾಯ್ಸ್ ಅವನ ಭುಜ ತಟ್ಟಿ, ಪಕ್ಕದಿಂದಲೇ ಹತ್ತಿಹೋದರು. ದೊಡ್ಡ ಮನಸ್ಸಿನವರು, ಅವನನ್ನೂ ಕೈಹಿಡಿದು ಮೇಲೆಳೆದುಕೊಂಡರು.

"ಇವರು ನಮ್ಮ ಧರ್ಮಣ್ಣ, ಸಾರ್. ಕಾರ್ಡು ಒಟ್ಟು ಮಾಡಿ ಕೊಟ್ಟದ್ದು ಇವರೇ."

ಗೇಬ್ರಿಯಲ್ ಪ್ರೀತಿಯಿಂದ ಅವನ ಕೈ ಕುಲುಕಿದರು. "ಬಹಳ ಸಂತೋಷ. ಕಲಾವಿದರಿಗೆ ಸಾಮಾನು ತಂದುಕೊಡುವವರೂ ಬೇಕಲ್ಲ."

ಕೆಳಗೆ ಪ್ರಫುಲ್ಲಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.