ಬೂದಿಗುಡ್ಡೆಯ ಹೂವಿನ ವಿಚಾರವಾಗಿ ಪ್ರಭೇದ ನೋಂದಣಾಧಿಕಾರಿಗಳಿಗೆ

ಶುದ್ಧತೆಯ ಕಾವಲುಗಾರರೂ, ಮೊಹರಿನ ಒಡೆಯರೂ, ಎಲೆಯನ್ನು ಮುಟ್ಟದೆಯೇ ಗಿಡದ ಕುಲ ಹೇಳಬಲ್ಲವರೂ ಆದ ಮಾನ್ಯ ನೋಂದಣಾಧಿಕಾರಿಗಳೇ,

ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ಇಪ್ಪತ್ತೆರಡು ವರ್ಷ ನೀರು ಹಾಕಿದವಳ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕುರ್ಚಿ ಕ್ಷೇಮವಾಗಿದೆಯೆಂದು ಊರೇ ಹೇಳುತ್ತಿದೆ. ತಮ್ಮ ಅಮೂಲ್ಯ ಸಮಯವನ್ನು ಒಂದು ಕಳೆಗಿಡದ ಕಥೆಗಾಗಿ ಬೇಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ಗಾಜಿನ ಮನೆಯ ಹಿಂದೆ ಎರಡು ಮಡಿಗಳಿವೆ. ಒಂದರಲ್ಲಿ ಬೆಟ್ಟದಿಂದ ತಂದ ಹಳದಿ ಹೂವಿನ ಗಿಡ, ಇನ್ನೊಂದರಲ್ಲಿ ಹೊಳೆದಂಡೆಯಿಂದ ತಂದ ಬಿಳಿ ಹೂವಿನ ಗಿಡ. ಹುಟ್ಟಿದ ನೆಲದಲ್ಲಿ ಒಂದರ ಮುಖವನ್ನು ಇನ್ನೊಂದು ಕಂಡಿರದ ಇವನ್ನು ಎರಡು ಮಾರು ಅಂತರದಲ್ಲಿ ನೆಟ್ಟವರು ತಮ್ಮ ಇಲಾಖೆಯವರೇ. ಜೇನ್ನೊಣಗಳಿಗೆ ಮಾತ್ರ ತಮ್ಮ ಸುತ್ತೋಲೆ ತಲುಪಿರಲಿಲ್ಲವೆಂದು ಕಾಣುತ್ತದೆ. ಒಂಬತ್ತು ವರ್ಷದ ಹಿಂದೆ ಇಟ್ಟಿಗೆಯ ಸಂದಿಯಲ್ಲಿ ಮೂರನೆಯ ಗಿಡವೊಂದು ತಲೆಯೆತ್ತಿತು. ಎಲೆ ಬೆಟ್ಟದ್ದು, ಕಾಂಡ ಹೊಳೆಯದ್ದು, ಹೂವು ಎರಡರದ್ದೂ ಅಲ್ಲದ ಕೆನೆಬಣ್ಣ.

ಆರು ವರ್ಷ ಅದು ಹೂ ಬಿಟ್ಟಿತು, ಬೀಜ ಕಟ್ಟಲಿಲ್ಲ. ನಾವೆಲ್ಲ ತಾತ ಎಂದು ಕರೆಯುವ ನಿವೃತ್ತ ಪ್ರಯೋಗಾಲಯ ಸಹಾಯಕರು ನೋಡಿ, "ಇದು ಹೇಸರಗತ್ತೆ ಇದ್ದ ಹಾಗೆ ಕಣಮ್ಮ. ಅಪ್ಪನ ಕಡೆಯ ವರ್ಣತಂತುವಿಗೆ ಅಮ್ಮನ ಕಡೆ ಸರಿಯಾದ ಜೋಡಿ ಸಿಗಲ್ಲ. ಇದರ ವಂಶ ಇಲ್ಲಿಗೇ ಮುಗೀತು" ಎಂದರು. ಆದರೂ ನಾನು ಪ್ರತಿವರ್ಷ ಕಡ್ಡಿ ಮುರಿದು ನೆಟ್ಟು ಅದನ್ನು ಉಳಿಸಿಕೊಂಡೆ. ನನ್ನ ಅಪ್ಪನ ಮನೆಮಾತು ಒಂದು, ಅಮ್ಮನದು ಇನ್ನೊಂದು. ಶಾಲೆಗೆ ಸೇರಿಸುವ ದಿನ ಗುಮಾಸ್ತರು, "ಎರಡೂ ಬರೆಯೋಕೆ ಆಗಲ್ಲ, ಯಾವುದಾದರೂ ಒಂದು ಹೇಳು ಮಗು" ಎಂದಿದ್ದರು. ನಾನು ಹೇಳಲಿಲ್ಲ, ಅವರು ಬರೆಯಲಿಲ್ಲ. ಅಂದಿನಿಂದ ಖಾಲಿ ಖಾನೆಯವರೆಂದರೆ ನನಗೆ ಸ್ವಲ್ಪ ಕರುಳು.

ಏಳನೆಯ ವರ್ಷ ಒಂದೇ ಒಂದು ಕೊಂಬೆಯಲ್ಲಿ ಎಲೆ ದಪ್ಪಗಾಯಿತು, ಹೂವು ದೊಡ್ಡದಾಯಿತು, ಕಾಯಿಯೊಳಗೆ ಬೀಜ ಗಲಗಲ ಎಂದಿತು. ತಾತ ಮೊಗ್ಗೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ನಗತೊಡಗಿದರು. "ಈ ಕೊಂಬೆಯಲ್ಲಿ ವರ್ಣತಂತು ಎಲ್ಲಾ ಇಮ್ಮಡಿಯಾಗಿದೆ! ಈಗ ಪ್ರತಿಯೊಂದಕ್ಕೂ ತನ್ನದೇ ಜೋಡಿ ಇದೆ." ಬಿತ್ತಿದೆ. ನಲವತ್ತಮೂರು ಸಸಿ ಬಂದವು, ನಲವತ್ತಮೂರರಲ್ಲೂ ಅದೇ ಕೆನೆಬಣ್ಣ. ಎರಡೂ ಹೆತ್ತ ಗಿಡಗಳ ಪರಾಗವನ್ನು ಕುಂಚದಿಂದ ಮುಟ್ಟಿಸಿದೆ, ಕಾಯಿಗಳು ಜೊಳ್ಳಾದವು. ತನ್ನಷ್ಟಕ್ಕೆ ತಾನು ಸಂತಾನ ನಡೆಸುತ್ತದೆ, ಹೆತ್ತವರೊಡನೆಯೂ ಬೆರೆಯುವುದಿಲ್ಲ. ಇನ್ನೇನು ಬೇಕು ಸ್ವಾಮಿ, ಹೊಸ ಪ್ರಭೇದ ಎನ್ನಲು? ತಾತ ಎಂಟು ದಿನ ಕೂತು ಅದರ ಚಿತ್ರ ಬಿಡಿಸಿದರು, ಅದನ್ನು ಲಗತ್ತಿಸಿ ನಾನು ತಮಗೆ ನೋಂದಣಿಯ ಅರ್ಜಿ ಕಳಿಸಿದೆ. "ಕಣ್ಣು ಮುಚ್ಚೋದರೊಳಗೆ ಇದಕ್ಕೊಂದು ಹೆಸರು ಬೀಳಲಿ" ಎಂಬುದೊಂದೇ ಅವರ ಆಸೆಯಾಗಿತ್ತು.

ತಮ್ಮ ಉತ್ತರ ಹನ್ನೊಂದು ತಿಂಗಳ ಮೇಲೆ ಬಂತು. "ಪ್ರಭೇದಗಳು ಬೆರೆಯುವುದಿಲ್ಲ, ಬೆರೆತದ್ದರಿಂದ ಹುಟ್ಟಿದ್ದು ಪ್ರಭೇದವಲ್ಲ, ಮೂಲ ಪ್ರಭೇದದ ಖಾನೆಯಲ್ಲಿ ಎರಡು ಹೆಸರು ಬರೆದಿರುವುದರಿಂದ ಅರ್ಜಿ ತಿರಸ್ಕೃತ." ಇಷ್ಟು ದುಂಡಗಿನ ತರ್ಕವನ್ನು ನಾನು ತಳ ಕಿತ್ತುಹೋದ ಕೊಡದ ಬಾಯಿಯಲ್ಲಿ ಮಾತ್ರ ಕಂಡಿದ್ದೆ.

ಆಮೇಲೆ ತಾವೇ ದಯಮಾಡಿಸಿದಿರಿ. ಮೂಗಿಗೆ ಕರವಸ್ತ್ರ ಹಿಡಿದು, ಸೊಂಟ ಬಗ್ಗಿಸದೆ, "ಏನ್ರೀ ಇದು ಕಲಬೆರಕೆ? ಸಂಗ್ರಹದ ಮರ್ಯಾದೆ ಏನಾಗಬೇಕು!" ಎಂದಿರಿ. ತಾತ ಭೂತಗನ್ನಡಿ ಚಾಚಿ, "ಒಂದ್ಸಲ ನೋಡಿಬಿಡಿ ಸಾರ್" ಎಂದಾಗ, "ನೋಡೋಕೇನಿದೆ? ಫೈಲು ನೋಡಿದೀನಿ. ಹದಿನೈದು ದಿನದಲ್ಲಿ ಕಿತ್ತು ಕಾಂಪೌಂಡ್ ಆಚೆ ಎಸೀರಿ" ಎಂದಿರಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸರ್ಕಾರಿ ಆದೇಶವಾಗಿಸಿದ ಕೀರ್ತಿ ತಮ್ಮದು.

ಹದಿನೈದನೆಯ ದಿನ ನಾನೇ ಕಿತ್ತೆ. ಬೇರೆ ಯಾರ ಕೈಗೂ ಬಿಡಲು ಮನಸ್ಸು ಬರಲಿಲ್ಲ. ಬಲಿತ ಕಾಯಿಗಳ ಸಮೇತ ನಲವತ್ತಮೂರನ್ನೂ, ಇಟ್ಟಿಗೆಯ ಸಂದಿಯ ತಾಯಿಗಿಡವನ್ನೂ ಗೋಡೆಯಾಚೆಗೆ, ಬಾಯ್ಲರಿನ ಬೂದಿ ಸುರಿಯುವ ಗುಡ್ಡೆಗೆ ಎಸೆದೆ. ಅಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲವಾದ್ದರಿಂದ ಕಥೆ ಮುಗಿಯಿತೆಂದೇ ತಿಳಿದೆ. ತಾತ ಅಂದಿನಿಂದ ಉದ್ಯಾನದತ್ತ ತಲೆಹಾಕಲಿಲ್ಲ. ನಾನು ಎಷ್ಟು ದಿನ ಅತ್ತೆ ಎಂಬುದಕ್ಕೆ ತಮ್ಮ ನಮೂನೆಯಲ್ಲಿ ಜಾಗವಿಲ್ಲ.

ಕಳೆದ ತಿಂಗಳು ಆಚೆ ಬೀದಿಯ ಇಸ್ತ್ರಿಯಾಕೆ ಗೋಡೆಯ ಮೇಲಿಂದ ಕೂಗಿದಳು: "ಅಕ್ಕಾ, ಬೂದೀಲಿ ಏನೋ ಅರಳಿದೆ, ಬೇಗ ಬಾ!" ಹೋಗಿ ನೋಡಿದರೆ ಇನ್ನೂರಕ್ಕೂ ಮಿಕ್ಕಿ ಕೆನೆಬಣ್ಣದ ಹೂಗಳು. ಬೂದಿಯೇ ಹದಗೊಂಡಿತೇನೋ ಎಂಬ ಸಂಶಯ ಬಂದು ಬೆಟ್ಟದ ಸಸಿ, ಹೊಳೆಯ ಸಸಿ ಎರಡನ್ನೂ ಅಲ್ಲೇ ನೆಟ್ಟೆ. ವಾರದೊಳಗೆ ಎರಡೂ ಸುಟ್ಟುಹೋದವು. ಹೆತ್ತವರಿಬ್ಬರೂ ಬದುಕಲಾರದ ನೆಲದಲ್ಲಿ ಇದು ಬೇರೂರಿತ್ತು. ತಾತನನ್ನು ಕೈಹಿಡಿದು ಕರೆತಂದೆ. ಬಗ್ಗಿ ಒಂದು ಹೂವನ್ನು ಮುಟ್ಟಿ ನೋಡಿ, "ಇನ್ನು ಇವಕ್ಕೆ ನಾವು ಬೇಕಾಗಿಲ್ಲ ಕಣಮ್ಮ" ಎಂದರು. ಇಸ್ತ್ರಿಯಾಕೆ ಅದನ್ನು ಆಗಲೇ ಬೂದಿಹೂವು ಎನ್ನುತ್ತಿದ್ದಳು. ತಾತ ಅದನ್ನೇ ಎರಡು ಸಲ ಹೇಳಿ ನೋಡಿ, ಚೆನ್ನಾಗಿದೆ ಎಂದರು.

ಆದ್ದರಿಂದ ಮಾನ್ಯರೇ, ನೋಂದಣಿಯ ಕೋರಿಕೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಬದಲಿಗೆ ತಾವು ಬೂದಿಗುಡ್ಡೆಗೆ ಖುದ್ದಾಗಿ ಬಂದು, ಪ್ರತಿಯೊಂದು ಗಿಡಕ್ಕೂ ಅದು ಹುಟ್ಟಿಯೇ ಇಲ್ಲವೆಂಬ ದೃಢೀಕರಣ ಪತ್ರವನ್ನು ಓದಿ ಹೇಳಬೇಕಾಗಿ ವಿನಂತಿ. ಬೇಗ ಬಂದರೆ ಒಳ್ಳೆಯದು. ಅವು ಈಗ ರೈಲುಹಳಿಯ ಜಲ್ಲಿಯನ್ನೂ ದಾಟುತ್ತಿವೆ.

ತಮ್ಮ ತಿರಸ್ಕಾರಕ್ಕೆ ಪಾತ್ರಳಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ಗಾಜಿನ ಮನೆಯ ನೀರಿನವಳು

ಮರೆತ ಮಾತು: ತಾವು ದಿನಾ ಬೆಳಿಗ್ಗೆ ತಿನ್ನುವ ಬ್ರೆಡ್ಡಿನ ಗೋಧಿ, ಸಾವಿರಾರು ವರ್ಷದ ಹಿಂದೆ ಮೂರು ಹುಲ್ಲುಗಳು ಒಂದಾದ ಮೇಲೊಂದು ಬೆರೆತು ಹುಟ್ಟಿದ್ದೆಂದು ತಾತ ಹೇಳುತ್ತಾರೆ. ಅದರ ಅರ್ಜಿ ತಮ್ಮ ಸಮಿತಿಯ ಮುಂದೆ ಬಂದು ಮಂಜೂರಾಗುವವರೆಗೆ ದಯವಿಟ್ಟು ಉಪವಾಸವಿರಿ.