ತಿರುಪಿನ ನವಿಲು

ಬಂಗಾರದ ಅಂಗಡಿ ಇಟ್ಟವರು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ರಾಯಚೂರಿನ ನಮ್ಮ ಅಂಗಡಿಯಲ್ಲಿ ನನ್ನ ಗಂಡ ಹಿಂದೆ ಕೂತು ಕೆಲಸ ಮಾಡುತ್ತಾರೆ, ಮುಂದೆ ಕೂತು ಮಾತಾಡುವವಳು ನಾನು. ಅವರ ಬೆಸುಗೆಗಿಂತ ನನ್ನ ಮಾತೇ ಗಟ್ಟಿ ಎಂದು ಗಿರಾಕಿಗಳು ಹೇಳುತ್ತಾರೆ. ಸುಳ್ಳೇನಲ್ಲ. ಹೋದ ವರ್ಷದ ಒಂದೇ ಮದುವೆಯ ಕಥೆ ಕೇಳಿ.

೧. ಬೆರಳು ಬಂದಿರಲಿಲ್ಲ

ಸಿರವಾರದಿಂದ ಒಂದು ಟಂಟಂ ತುಂಬ ಜನ ಬಂದರು. ನಿಶ್ಚಿತಾರ್ಥಕ್ಕೆ ಸೊಸೆಗೆ ಉಂಗುರ ಬೇಕಿತ್ತು. ಹುಡುಗನ ತಾಯಿ ತಲೆ ಎತ್ತಿ ನಿಂತ ನವಿಲಿನ ಉಂಗುರ ಆರಿಸಿದರು, ಉಳಿದವರು ಹೌದೌದು ಅಂದರು. ಅಳತೆಗೆ ಹುಡುಗಿಯ ಬೆರಳು ಎಲ್ಲಿ ಎಂದೆ. ಅವಳು ದೇವದುರ್ಗದಲ್ಲಿ ಟೀಚರ್, ಬಂದಿಲ್ಲ ಅಂದರು. ಒಬ್ಬ ಹೆಂಗಸು ಅವಳದು ನನ್ನಂಥದೇ ಬೆರಳು ಎಂದು ಕೈ ಚಾಚಿದರು. ಇನ್ನೊಬ್ಬರು ಅಲ್ಲ, ನನ್ನಂಥದು ಎಂದರು. ಜಗಳ ಹತ್ತುವುದರೊಳಗೆ ಹುಡುಗನ ತಾಯಿ ತೀರ್ಪು ಕೊಟ್ಟರು.

"ದೊಡ್ಡದ ಕೊಡ್ರಿ. ನಮ್ಮನಿ ಅನ್ನ ಉಂಡು ಬೆರಳು ತಾನಾಗೇ ತುಂಬ್ತದ."

೨. ಇರಬಾರದು, ಇರಬೇಕು

ನಿಶ್ಚಿತಾರ್ಥ ಮುಗಿದ ಮೇಲೆ ಹುಡುಗಿಯೇ ಬಂದಳು. ಉಂಗುರ ಜಾರದಂತೆ ದಾರ ಸುತ್ತಿಕೊಂಡಿದ್ದಳು. ಉಂಗುರ ಸಣ್ಣದಾಗಬೇಕು, ನವಿಲು ಹೋಗಬೇಕು. ಅದರ ಕೊಕ್ಕು ಸೀರೆಗೆ ಸಿಕ್ಕುತ್ತದೆ, ಕೂದಲಿಗೆ ಸಿಕ್ಕುತ್ತದೆ. ಬೋರ್ಡಿನ ಮೇಲೆ ಬರೆದರೆ ಮಕ್ಕಳು ಲೆಕ್ಕ ಬಿಟ್ಟು ನವಿಲನ್ನೇ ನೋಡುತ್ತವೆ. ತೆಗೆದರಾಯಿತು ಬಿಡು ಅಂದೆ. ಅಷ್ಟಕ್ಕೇ ಅವಳ ಕಣ್ಣು ತುಂಬಿತು. ಅತ್ತೆ ಆಸೆಯಿಂದ ಆರಿಸಿದ್ದು, ಮನೆಗೆ ಕಾಲಿಡುವ ಮೊದಲೇ ಅವರ ಮನಸ್ಸು ಮುರಿದರೆ ಮುಂದೆ ಹೇಗೆ ಬಾಳಲಿ ಎಂದಳು.

"ನವಿಲು ಇರಬಾರ್ದು ಅಕ್ಕಾರ. ಆದ್ರ ಅತ್ತಿಯವ್ರು ನೋಡಿದಾಗ ಇರಬೇಕು."

ನನ್ನ ಕೈ ಸುಮ್ಮನೆ ನನ್ನ ಕಿವಿಗೆ ಹೋಯಿತು. ಕಿವಿಯ ಓಲೆಗೆ ತಿರುಪು ಇರುವಾಗ ಬೆರಳಿನ ನವಿಲಿಗೆ ಯಾಕಿರಬಾರದು? ನನ್ನ ಗಂಡ ತೆಳ್ಳನೆಯ ಉಂಗುರ ಮಾಡಿ, ನವಿಲಿನ ಕೆಳಗೆ ತಿರುಪು ಕೂರಿಸಿಕೊಟ್ಟರು. ಅತ್ತೆ ಬಂದರೆ ತಿರುವಿ ಹಾಕು, ಹೋದರೆ ತಿರುವಿ ತೆಗೆ. ಹೇಳದೆ ಬಂದುಬಿಟ್ಟರೆ ಎಂದು ಕೇಳಿದಳು.

"ಬಾಗಿಲಾ ತಗಿಯೂದು ಒಂಚೂರು ತಡಾ ಮಾಡು" ಅಂದೆ.

೩. ಮಾವನ ಸಿಂಹ

ವಾರ ಕಳೆಯುವುದರೊಳಗೆ ಹುಡುಗ ಬಂದ. ಅವನದು ಅಕ್ಕಿ ವ್ಯಾಪಾರ. ಹುಡುಗಿ ಅವನಿಗೆ ಎಲ್ಲಾ ಹೇಳಿದ್ದಳು. ಮದುವೆಗೆ ಅವಳದಕ್ಕೆ ಜೋಡಿಯಾಗುವ ತೆಳ್ಳನೆಯ ಉಂಗುರ ಬೇಕು ಎಂದ. ಅವನ ಬೆರಳಿನ ಮೇಲೆ ಮಾತ್ರ ಮಾವ, ಅಂದರೆ ಹುಡುಗಿಯ ಅಪ್ಪ, ನಿಶ್ಚಿತಾರ್ಥಕ್ಕೆ ತೊಡಿಸಿದ ಉಂಗುರದ ಸಿಂಹ ಬಾಯಿ ತೆರೆದು ಕೂತಿತ್ತು. ಗಿರಾಕಿಗೆ ಚೀಲದಲ್ಲಿ ಕೈ ಹಾಕಿ ಅಕ್ಕಿ ತೋರಿಸುವಾಗ ಸಿಂಹದ ಬಾಯಲ್ಲಿ ಕಾಳು ಸಿಕ್ಕಿಕೊಳ್ಳುತ್ತಿತ್ತಂತೆ. ಮಾವನಿಗೆ ಹೇಳುವ ಧೈರ್ಯ ಇವನಿಗೂ ಇಲ್ಲ. ಸಿಂಹಕ್ಕೂ ತಿರುಪು ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಉಂಗುರ ಬಿಚ್ಚಿ ಒಳಗೆ ಕೊಟ್ಟಾಗ ನನ್ನ ಗಂಡ ಚಿಮಟದಿಂದ ಅದರ ಬಾಯೊಳಗಿನ ಸೋನಾ ಮಸೂರಿ ಕಾಳೊಂದನ್ನು ಹೊರಗೆ ತೆಗೆದರು. ಅಪರೂಪಕ್ಕೆ ಅವರೂ ಮಾತಾಡಿದರು.

"ಪಾಪ, ಸಿಂಹ ಅನ್ನದ ಮ್ಯಾಲ ಬದುಕೇದ."

೪. ಕಂಬದ ಹಿಂದೆ

ಮದುವೆ ಮಾನ್ವಿಯಲ್ಲಿ. ನವಿಲು, ಸಿಂಹ ಎರಡೂ ತಮ್ಮ ತಮ್ಮ ಜಾಗದಲ್ಲಿದ್ದವು. ನಾನು ಸಮಾಧಾನವಾಗಿ ಎರಡನೇ ಹೋಳಿಗೆ ಹಾಕಿಸಿಕೊಂಡು ಉಂಡು ಮಂಟಪದ ಹತ್ತಿರ ಬಂದೆ. ದಿನಾ ತಿರುವಿ ತಿರುವಿ ನವಿಲಿನ ತಿರುಪು ಸಡಿಲಾಗಿತ್ತೋ ಏನೋ, ಹುಡುಗಿ ಬಗ್ಗಿ ಅತ್ತೆಯ ಕಾಲು ಮುಟ್ಟಿದಾಗ ಅದು ಕಳಚಿ ಅವರ ಪಾದದ ಮೇಲೆಯೇ ಬಿತ್ತು.

ಹುಡುಗಿ ಬಗ್ಗಿದವಳು ಏಳಲೇ ಇಲ್ಲ. ಅತ್ತೆ ನವಿಲನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಸೊಸೆಯ ಬೆರಳು ನೋಡಿದರು. ಆಮೇಲೆ ನವಿಲನ್ನು ಅವಳ ಅಂಗೈಯಲ್ಲಿಟ್ಟು ಮುಚ್ಚಿದರು. "ಡಬ್ಬಿಯಾಗ ಇಡು, ಕಳಕೊಂಡೀ. ಕೈ ಹಿಂಗ ಛಲೋ ಕಾಣಾಕತ್ತದ" ಅಂದರು. ಹುಡುಗಿ ಅತ್ತುಬಿಟ್ಟಳು. ಬಚಾವಾದೆವು ಎಂದು ನಾನು ಎಲೆಯಡಿಕೆಗೆ ಕೈ ಹಾಕಿದೆ.

ಆದರೆ ಅತ್ತೆ ಸೀದಾ ನನ್ನ ಕಡೆಗೇ ಬಂದರು. ರಟ್ಟೆ ಹಿಡಿದು ಕಂಬದ ಹಿಂದೆ ಕರೆದೊಯ್ದರು. ಏನು ಉತ್ತರ ಕೊಡಬೇಕೆಂದು ನಾನು ಹೊಂದಿಸಿಕೊಳ್ಳುತ್ತಿರುವಾಗಲೇ, ಸೆರಗಿನ ಅಡಿಯಿಂದ ತಮ್ಮ ಬಲಗೈ ಹೊರಗೆ ತೆಗೆದರು. ಬೆರಳಿನ ಮೇಲೆ ಸೊಂಡಿಲು ಎತ್ತಿದ ಆನೆ.

"ಇದಕ್ಕೂ ಒಂದು ತಿರುಪು ಹಾಕಿ ಕೊಡ್ರಿ" ಎಂದು ಪಿಸುಗುಟ್ಟಿದರು. "ನಮ್ಮತ್ತಿ ಆರಿಸಿದ್ದು. ಮುಂದಿನ ಸಾಲಿನಾಗ ಕುಂತಾರ, ಈ ಕಡೀನ ನೋಡಾಕತ್ತಾರ. ನಗಬ್ಯಾಡ್ರಿ."