ಪ್ರಧಾನಿಗೆ ವಯಸ್ಸೆಷ್ಟು, ಡ್ರೈವರ್‌ಗೆ ವಯಸ್ಸೆಷ್ಟು

ಗುಬ್ಬಿಯಿಂದ ತುಮಕೂರಿಗೆ, ಅಲ್ಲಿಂದ ಕುಣಿಗಲ್‌ಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ನಾನು ಬಹಳ ವರ್ಷ ಕಂಡಕ್ಟರ್ ಆಗಿದ್ದೆ. ಟಿಕೆಟ್ ಕೊಟ್ಟರೆ ಕೆಲಸ ಮುಗೀತು ಅಂದುಕೊಂಡರೆ ತಪ್ಪು. ದೇಶವನ್ನು ಯಾರು ಆಳಬೇಕು ಅನ್ನೋದು ದಿನಾ ನಮ್ಮ ಬಸ್ಸಿನಲ್ಲೇ ತೀರ್ಮಾನವಾಗುತ್ತಿತ್ತು. ದೆಹಲಿಯವರಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಅನುಭವ ಬೇಕು

ಎಪ್ಪತ್ತರ ದಶಕದ ಕೊನೆಯಲ್ಲಿ ತುಂಬ ವಯಸ್ಸಾದವರೊಬ್ಬರು ಪ್ರಧಾನಿಯಾದರು. ಮಾರನೆ ದಿನ ಗುಬ್ಬಿಯಲ್ಲಿ ಹತ್ತಿದ ರಿಟೈರ್ಡ್ ಹೆಡ್‌ಮಾಸ್ಟರೊಬ್ಬರು ಸೀಟಿನಲ್ಲಿ ಕೂತ ತಕ್ಷಣ ಪಾಠ ಶುರು ಮಾಡಿದರು. ಹುಡುಗರ ಕೈಗೆ ದೇಶ ಕೊಡಬಾರದು, ತಲೆ ನರೆತವರೇ ಬೇಕು, ಅವರು ಕಷ್ಟಸುಖ ನೋಡಿರುತ್ತಾರೆ, ದುಡುಕುವುದಿಲ್ಲ ಅಂದರು. ಬಸ್ಸಿಗೆ ಬಸ್ಸೇ ಹೌದು ಹೌದು ಅಂತು.

ನಮ್ಮ ಡ್ರೈವರ್‌ಗೆ ಆಗಲೇ ಐವತ್ತು ದಾಟಿತ್ತು. ನರೆತ ತಲೆಯನ್ನು ಯಾರಾದರೂ ಹೊಗಳಿದ್ದನ್ನು ಅವರು ಅವತ್ತೇ ಮೊದಲು ಕೇಳಿದ್ದು ಅಂತ ಕಾಣುತ್ತೆ. ಸ್ಟೀರಿಂಗ್ ಹಿಡಿದುಕೊಂಡೇ ಪೂರ್ತಿ ಹಿಂದಕ್ಕೆ ತಿರುಗಿ, ಬಹಳ ಸರಿಯಾಗಿ ಹೇಳಿದಿರಿ ಸ್ವಾಮಿ ಅಂತ ಮಾತಿಗೆ ಇಳಿದರು. ಬಸ್ಸು ರೋಡು ಬಿಟ್ಟು ರಾಗಿ ಹೊಲದ ಕಡೆ ವಾಲಿತು. ಹೆಡ್‌ಮಾಸ್ಟರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಲಿ ಹಿಡಿದುಕೊಂಡು ಹೇಳಿದರು:

"ಯಜಮಾನ್ರೇ, ಅನುಭವ ಬೇಕಾಗಿರೋದು ದೇಶಕ್ಕೆ. ಬಸ್ಸಿಗೆ ಮುಂದೆ ನೋಡೋರು ಸಾಕು."

ಅತ್ತೆಯ ಓಟು

ಆಮೇಲೊಂದು ಎಲೆಕ್ಷನ್ ದಿನ. ತುಮಕೂರಿಗೆ ನೆಂಟರ ಮನೆಗೆ ಬಂದಿದ್ದ ಮಾರ್ಕೋನಹಳ್ಳಿ ಕಡೆಯ ಅಜ್ಜಿಯೊಬ್ಬರು ಓಟು ಹಾಕೋಕೆ ಊರಿಗೆ ಹೊರಟಿದ್ದರು. ಜೊತೆಗೆ ಸೊಸೆ, ಸೊಸೆಯ ಕಂಕುಳಲ್ಲಿ ಮಗು. ಆಗ ಓಟಿಗೆ ಇಪ್ಪತ್ತೊಂದು ತುಂಬಿರಬೇಕಿತ್ತು. ಸೊಸೆಗೆ ತುಂಬಿರಲಿಲ್ಲ. ಸಂಸಾರ ನಡೆಸೋಕೆ ಬಂದ ವಯಸ್ಸು ಓಟಿಗೆ ಬರಲಿಲ್ಲವಲ್ಲಮ್ಮ ಅಂತ ಹಿಂದಿನ ಸೀಟಿನವರು ರೇಗಿಸಿದರು. ಆಕೆ ಸುಮ್ಮನೆ ನಕ್ಕಳು.

ದಾರಿಯುದ್ದಕ್ಕೂ ಆಕೆ ಪೇಪರ್ ಬಿಚ್ಚಿಕೊಂಡು, ಯಾರು ನಾಲೆ ನೀರಿನ ಬಗ್ಗೆ ಏನು ಹೇಳಿದಾರೆ, ಯಾರು ಏನೂ ಹೇಳಿಲ್ಲ ಅಂತ ಅತ್ತೆಗೆ ಓದಿ ಹೇಳುತ್ತಿದ್ದಳು. ಅತ್ತೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಕುಣಿಗಲ್‌ನಲ್ಲಿ ಇಳಿಯುವಾಗ, ಯಾರಿಗೆ ಹಾಕ್ತೀರಜ್ಜಿ ಅಂತ ಮೆಲ್ಲಗೆ ಕೇಳಿದೆ.

"ನಂಗೇನ್ ಗೊತ್ತು? ಇವ್ಳು ಇನ್ನೂ ಯೋಚ್ನೆ ಮಾಡ್ತಾವ್ಳೆ" ಅಂದರು. "ವಯಸ್ಸು ಮಾತ್ರ ನಂದು ಕಣಪ್ಪ."

ಹುಣಸೆ ಮರದ ಕೆಳಗೆ

ಎಂಬತ್ತರ ದಶಕದ ನಡುವೆ ಚಿಕ್ಕ ವಯಸ್ಸಿನವರು ಪ್ರಧಾನಿಯಾದರು. ಶೆಟ್ಟಿಹಳ್ಳಿಯಲ್ಲಿದ್ದ ನಮ್ಮ ಓನರ್‌ಗೂ ಆ ಗಾಳಿ ಬಡಿಯಿತು. ದೇಶವೇ ಚಿಕ್ಕವರ ಕೈಗೆ ಹೋದಮೇಲೆ ಬಸ್ಸಿನದೇನು ಅಂತ ಇಪ್ಪತ್ತೈದರ ಆಸುಪಾಸಿನ ಹೊಸ ಡ್ರೈವರನ್ನು ಕರೆತಂದರು. ಹಳೆಯವರು ಒಂದು ವಾರ ಜೊತೆಗಿದ್ದು ದಾರಿ ತೋರಿಸಿ ಮನೆಗೆ ಹೋಗಬೇಕು ಅಂತಾಯಿತು. ಅವರು ಬಾನೆಟ್ ಪಕ್ಕ ಕೂತು ರೋಡನ್ನೇ ನೋಡುತ್ತಿದ್ದರು. ನನಗೆ ಅವರ ಮುಖ ನೋಡೋಕೇ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೆಬ್ಬೂರು ದಾಟಿದ ಮೇಲೆ ಟೈರ್ ಪಂಕ್ಚರ್ ಆಯಿತು. ಇಬ್ಬರು ಡ್ರೈವರ್‌ಗಳೂ ಇಳಿದು ಜಾಕ್ ಕೊಟ್ಟರು. ಜನ ಹುಣಸೆ ಮರದ ನೆರಳಿಗೆ ಹೋದರು. ಅಲ್ಲಿ ತಾಲ್ಲೂಕು ಆಫೀಸಿನ ಗುಮಾಸ್ತರೊಬ್ಬರು, ಯಾರಿರಬೇಕು ಅಂತ ನಾವೇ ಓಟು ಹಾಕಿ ಓನರ್‌ಗೆ ಹೇಳೋಣ ಅಂದರು. ಎಲ್ಲರಿಗೂ ಖುಷಿಯಾಯಿತು.

ಕೈ ಎತ್ತಿಸಿದಾಗ ನನಗೆ ನಗು ತಡೆಯಲಾಗಲಿಲ್ಲ. ಕಾಲೇಜು ಹುಡುಗರೆಲ್ಲ ಹಳೆಯವರಿಗೇ ಕೈ ಎತ್ತಿದರು. ತಡವಾಗಿ ಎದ್ದು ಓಡಿ ಬಂದರೂ ನಿಲ್ಲಿಸಿ ಹತ್ತಿಸಿಕೊಳ್ಳುವವರು ಅವರು. ವಯಸ್ಸಾದವರೆಲ್ಲ ಹೊಸಬನಿಗೆ ಎತ್ತಿದರು. ಅವನು ಬೇಗ ಮುಟ್ಟಿಸುತ್ತಾನೆ, ಅಷ್ಟು ಹೊತ್ತು ತಡೆದುಕೊಂಡು ಕೂರೋಕೆ ತಮ್ಮ ಕೈಲಾಗಲ್ಲ ಅಂದರು. ಲೆಕ್ಕ ಸಮ ಬಂತು. ಕೊನೆಗೆ ಡ್ರೈವರ್‌ಗಳನ್ನೇ ಕೇಳಿದರು.

ಹಳೆಯವರು ಕೈಯ ಮಸಿ ಒರೆಸಿಕೊಳ್ಳುತ್ತಾ, "ಸಂಜೆ ಹೊತ್ತು ಎದುರು ಲೈಟ್ ಬಿದ್ರೆ ನಂಗೆ ಕಣ್ ಕಾಣ್ಸಲ್ಲ. ಅವ್ನೇ ಓಡಿಸ್ಲಿ ಬುಡಿ" ಅಂದರು.

ಹೊಸಬ ನೆಲ ನೋಡುತ್ತಾ, "ಇವತ್ತು ಇವ್ರಿಲ್ದಿದ್ರೆ ನಂಗೆ ಈ ನಟ್ ಬಿಚ್ಚೋಕೂ ಆಗ್ತಿರ್ಲಿಲ್ಲ. ಅವ್ರೇ ಇರ್ಲಿ" ಅಂದ.

ಈ ಸುದ್ದಿ ಕೇಳಿ ಓನರ್ ಆಮೇಲೆ ಬೆಳಗಿನ ಟ್ರಿಪ್ ಹಳೆಯವರಿಗೂ ಸಂಜೆಯದು ಹೊಸಬನಿಗೂ ಕೊಟ್ಟರು. ಬಹಳ ವರ್ಷ ಹಾಗೇ ನಡೆಯಿತು. ಅದು ಮುಂದಿನ ಮಾತು. ಅವತ್ತು ಮರದ ಕೆಳಗೆ ಸೊಪ್ಪಿನ ಬುಟ್ಟಿ ಪಕ್ಕ ಕೂತಿದ್ದ ಹೆಂಗಸೊಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಕುರ್ಚಿ ಬ್ಯಾಡ ಅನ್ನೋರ್ನ ಇವತ್ತೇ ನೋಡಿದ್ದು. ಇಂಥೋರ್ನ ಡೆಲ್ಲಿಗ್ ಕಳಿಸ್ಬೇಕು" ಅಂದರು.

ಗುಮಾಸ್ತರು ವಾಚ್ ನೋಡಿಕೊಂಡರು.

"ಕಳಿಸೋಣ ತಾಯಿ. ಮೊದ್ಲು ನಮ್ಮನ್ನ ಕುಣಿಗಲ್‌ಗೆ ಬಿಟ್ಟು ಹೋಗ್ಲಿ."